ಕೆಟ್ಟ ಫೋಟೋ ಅಳಿಸಬೇಡಿ: ನಿಸರ್ಗದ ಚಿತ್ರಗಳ ಜೊತೆ ಕೆಲವು ಎಡಿಟಿಂಗ್ ಪ್ರಯೋಗಗಳು

ಹೋದ ವರ್ಷ ಜುಲೈನಲ್ಲಿ ಮುಳ್ಳಯ್ಯನಗಿರಿಗೆ ಹೋಗಿದ್ದೆವು. ಕರ್ನಾಟಕದಲ್ಲೇ ಎತ್ತರದ ಬೆಟ್ಟ, 1,930 ಮೀಟರ್. ಅಷ್ಟು ಹತ್ತಿ ನೋಡಿದ್ದು ಹತ್ತಡಿ ದೂರದ ಮಂಜು ಮಾತ್ರ. ಆದರೂ ಸುಮ್ನಿರದೆ ಇನ್ನೂರ ಚಿಲ್ಲರೆ ಫೋಟೋ ತೆಗೆದೆ. ಮನೆಗೆ ಬಂದು ಅಮ್ಮನಿಗೆ ತೋರಿಸಿದರೆ, ಏಳೆಂಟು ಫೋಟೋ ಸರಿಸಿ ನೋಡಿ, "ಎಲ್ಲ ಒಂದೇ ಥರ ಇದೆಯಲ್ಲೋ, ಬರೀ ಹೊಗೆ" ಅಂದು ಫೋನ್ ವಾಪಸ್ ಕೊಟ್ಟರು.

ಅಮ್ಮ ಹೇಳಿದ್ದು ಸುಳ್ಳಲ್ಲ. ಆದರೆ ಅಲ್ಲಿ ನಿಂತಾಗ ಒಂದು ಒಂಟಿ ಮರ ಮಂಜಿನೊಳಗಿಂದ ಎದ್ದು ಬಂದು ಮತ್ತೆ ಕರಗಿ ಹೋಗುತ್ತಿತ್ತು. ಅದನ್ನು ನೋಡುತ್ತಾ ಅರ್ಧ ಗಂಟೆ ನೆನೆದಿದ್ದೆ. ಫೋಟೋದಲ್ಲಿ ಮರವೂ ಇತ್ತು, ಮಂಜೂ ಇತ್ತು. ಆ ಎದ್ದು ಬರುವುದು ಮಾತ್ರ ಇರಲಿಲ್ಲ. ಎಡಿಟಿಂಗ್ ಅಂದರೆ ನನ್ನ ಮಟ್ಟಿಗೆ ಆ ತಪ್ಪಿಹೋದದ್ದನ್ನು ಹುಡುಕುವ ಕೆಲಸ. ಚೆನ್ನಾಗಿ ಬಂದ ಫೋಟೋಗೆ ಇದು ಬೇಕಾಗುವುದೇ ಇಲ್ಲ. ಅಳಿಸಬೇಕು ಅಂದುಕೊಂಡಿದ್ದ ಫೋಟೋಗಳೇ ಪ್ರಯೋಗಕ್ಕೆ ಒಳ್ಳೆ ಸರಕು, ಕೆಟ್ಟರೂ ಕಳಕೊಳ್ಳುವುದು ಏನೂ ಇಲ್ಲ.

ಏನೇನು ಬೇಕು

ದುಡ್ಡು ಕೊಟ್ಟು ಏನನ್ನೂ ಕೊಳ್ಳಬೇಕಿಲ್ಲ. ಫೋನಿಗೆ ಸ್ನ್ಯಾಪ್‌ಸೀಡ್, ಕಂಪ್ಯೂಟರಿಗೆ ಗಿಂಪ್. ಎರಡೂ ಉಚಿತ. ಒಂದೇ ಫೋಟೋ ತಿದ್ದುವುದಕ್ಕೆ ಫೋನ್ ಸಾಕು. ಹತ್ತಿಪ್ಪತ್ತು ಫೋಟೋ ಒಂದರ ಮೇಲೊಂದು ಇಡುವ ಕೆಲಸಕ್ಕೆ ಗಿಂಪ್ ಬೇಕು. ಹೊಸ ಆವೃತ್ತಿ ಬಂದಾಗ ಮೆನುಗಳ ಜಾಗ ಆಚೀಚೆ ಆಗುತ್ತದೆ, ಅಲ್ಲೇ ಅಕ್ಕಪಕ್ಕ ಹುಡುಕಿ.

ನಿಮ್ಮ ಕ್ಯಾಮೆರಾ ಅಥವಾ ಫೋನಿನಲ್ಲಿ ರಾ ಫೈಲ್, ಅಂದರೆ ಕ್ಯಾಮೆರಾ ಹಿಡಿದದ್ದನ್ನು ತಿದ್ದದೆ ಹಾಗೇ ಇಡುವ ಫೈಲ್, ತೆಗೆಯುವ ಸೌಲಭ್ಯ ಇದ್ದರೆ ಬಳಸಿ. ಜೆಪೆಗ್ ಫೈಲಿನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಅಷ್ಟೇ. 12 ಬಿಟ್ ರಾ ಫೈಲಿನಲ್ಲಿ 4,096, 14 ಬಿಟ್‌ನಲ್ಲಿ 16,384. ಮಂಜು, ಮೋಡ, ಸಂಜೆಯ ಆಕಾಶ ಇವುಗಳಲ್ಲಿ ಬಣ್ಣ ನಿಧಾನಕ್ಕೆ ಬದಲಾಗುತ್ತದೆ. ಜೆಪೆಗ್ ಫೈಲನ್ನು ಜಾಸ್ತಿ ಎಳೆದರೆ ಅಲ್ಲೆಲ್ಲ ಪಟ್ಟೆ ಪಟ್ಟೆ ಕಾಣಿಸಿಕೊಳ್ಳುತ್ತದೆ.

ಶುರು ಮಾಡುವ ಮೊದಲು ಮೂಲ ಫೋಟೋಗಳ ಒಂದು ನಕಲನ್ನು ಬೇರೆ ಫೋಲ್ಡರಿಗೆ ಹಾಕಿ. ಅದನ್ನು ಮುಟ್ಟಬೇಡಿ.

ಯಾವ ಫೋಟೋಗೆ ಯಾವ ಪ್ರಯೋಗ? ನನ್ನ ಲೆಕ್ಕ ಸರಳ. ಮಂಜು, ಮೋಡ ಇದ್ದರೆ ಕಪ್ಪು-ಬಿಳುಪು. ಮಟಮಟ ಮಧ್ಯಾಹ್ನದ ಉರಿಬಿಸಿಲಾದರೆ ಇನ್‌ಫ್ರಾರೆಡ್ ಥರದ್ದು. ಕಾಡಿನೊಳಗೆ ಎಲ್ಲಿ ನೋಡಿದರೂ ಕಡ್ಡಿ, ಬಳ್ಳಿ, ಗೊಂದಲ ಅನ್ನಿಸಿದರೆ ಮಸುಕು ಮಾಡುವುದು. ಒಂಟಿ ಮರ ಸಿಕ್ಕರೆ ಪ್ರದಕ್ಷಿಣೆ. ಅದೇನು ಅಂತ ಮುಂದೆ ಹೇಳುತ್ತೇನೆ.

ಕಪ್ಪು-ಬಿಳುಪು: ಬಣ್ಣ ತೆಗೆಯುವುದೂ ಒಂದು ಆಯ್ಕೆ

ಹೆಚ್ಚಿನವರು ಬಣ್ಣದ ಗಾಢತೆ ಬದಲಿಸುವ ಸ್ಯಾಚುರೇಶನ್ ಸ್ಲೈಡರನ್ನು ಸೊನ್ನೆಗೆ ಎಳೆದು, ಆಯ್ತು, ಬ್ಲ್ಯಾಕ್ ಅಂಡ್ ವೈಟ್ ಅನ್ನುತ್ತಾರೆ. ಹಾಗೆ ಮಾಡಿದರೆ ಫೋಟೋ ಬೂದಿ ಬಳಿದ ಹಾಗೆ ಆಗುತ್ತದೆ. ಯಾಕೆ ಅಂತ ಒಂದು ಗುಲ್‌ಮೊಹರ್ ಮರ ಇಟ್ಟುಕೊಂಡು ನೋಡೋಣ. ಮೇ ತಿಂಗಳಲ್ಲಿ ನಿಮ್ಮ ಬೀದಿಯಲ್ಲೂ ಒಂದು ಕೆಂಪಗೆ ನಿಂತಿರುತ್ತದೆ.

ನನ್ನ ಒಂದು ಫೋಟೋದಲ್ಲಿ ಹೂವಿನ ಮೇಲೆ ಗಿಂಪ್‌ನ ಕಲರ್ ಪಿಕರ್ ಇಟ್ಟು ನೋಡಿದೆ: ಕೆಂಪು 200, ಹಸಿರು 50, ನೀಲಿ 30. ಪಕ್ಕದ ಎಲೆಯಲ್ಲಿ ಕೆಂಪು 80, ಹಸಿರು 120, ನೀಲಿ 40. ಕಪ್ಪು-ಬಿಳುಪು ಮಾಡುವ ಒಂದು ರೂಢಿಯ ಲೆಕ್ಕದಲ್ಲಿ ಕೆಂಪಿನ ಪಾಲು ಶೇ 30, ಹಸಿರಿನದು 59, ನೀಲಿಯದು 11. ಗುಣಿಸಿ ಕೂಡಿಸಿದರೆ ಹೂವು 93, ಎಲೆ 99. ಅಂದರೆ ಎರಡೂ ಹೆಚ್ಚುಕಡಿಮೆ ಒಂದೇ ಬೂದು. ಕಣ್ಣಿಗೆ ಬೆಂಕಿಯ ಹಾಗೆ ಕಂಡ ಮರ ಮಣ್ಣಿನ ಗುಡ್ಡೆ ಆಗುವುದು ಹೀಗೆ.

ಈಗ ಸ್ನ್ಯಾಪ್‌ಸೀಡ್‌ನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಟೂಲ್ ತೆಗೆಯಿರಿ. ಕೆಳಗೆ ಬಣ್ಣದ ಫಿಲ್ಟರ್ ಆರಿಸುವ ಗುರುತು ಇದೆ. ಕೆಂಪು ಆರಿಸಿದರೆ ಹೂವು ಬೆಳ್ಳಗೆ ಹೊಳೆಯುತ್ತದೆ, ಎಲೆ ಕಪ್ಪಾಗುತ್ತದೆ. ಹಸಿರು ಆರಿಸಿದರೆ ಉಲ್ಟಾ, ತಿಳಿ ಎಲೆಗಳ ನಡುವೆ ಕಪ್ಪು ಹೂವು. ಒಂದೇ ಮರ, ಒಂದು ಸಲ ಹಬ್ಬ, ಒಂದು ಸಲ ಸೂತಕ. ಎರಡನ್ನೂ ಸೇವ್ ಮಾಡಿ, ಅಕ್ಕಪಕ್ಕ ಇಟ್ಟು ನೋಡಿ. ಮಾವಿನ ಕೆಂಪು ಚಿಗುರು, ದಾಸವಾಳ ಇವುಗಳ ಮೇಲೂ ಇದೇ ಆಟ ಆಡಬಹುದು.

ಮಂಜಿನ ಫೋಟೋದಲ್ಲಿ ಬಣ್ಣವೇ ಇಲ್ಲ, ಅಲ್ಲಿ ಫಿಲ್ಟರ್ ಕೆಲಸಕ್ಕೆ ಬಾರದು. ಅಲ್ಲಿ ನಾನು ಮಾಡಿದ್ದು ಇಷ್ಟು.

1. ಕ್ರಾಪ್. ಮರವನ್ನು ನಡುವೆ ಇಡದೆ ಒಂದು ಬದಿಗೆ ತಂದು, ಉಳಿದ ಜಾಗವನ್ನೆಲ್ಲ ಮಂಜಿಗೆ ಬಿಟ್ಟೆ. ಖಾಲಿ ಜಾಗಕ್ಕೆ ಹೆದರಬೇಡಿ.

2. ಕರ್ವ್ಸ್ ಟೂಲ್. ಓರೆಗೆರೆಯ ಎಡಭಾಗವನ್ನು ಸ್ವಲ್ಪ ಕೆಳಕ್ಕೆ ಎಳೆದರೆ ಕಾಂಡ ಕಪ್ಪಾಗುತ್ತದೆ. ಬಲಭಾಗವನ್ನು ಮುಟ್ಟಲೇ ಇಲ್ಲ. ಮಂಜು ಪೂರ್ತಿ ಬಿಳಿಯಾದರೆ ಖಾಲಿ ಕಾಗದದ ಹಾಗೆ ಕಾಣುತ್ತದೆ, ಅದು ತುಸು ಬೂದು ಬಣ್ಣದಲ್ಲೇ ಇರಬೇಕು.

3. ಡೀಹೇಜ್, ಕ್ಲ್ಯಾರಿಟಿ, ಸ್ಟ್ರಕ್ಚರ್ ಅಂತ ಕಂಡರೆ ಕೈ ಕಟ್ಟಿಕೊಳ್ಳಿ. ಮಂಜಿನ ಫೋಟೋದಿಂದ ಮಂಜು ತೆಗೆದರೆ ಉಳಿಯುವುದೇನು? ಬೇಕಾದರೆ ಅದನ್ನು ಉಲ್ಟಾ ದಿಕ್ಕಿಗೆ ಎಳೆಯಿರಿ. ಹಿಂದಿನ ಗುಡ್ಡ ಇನ್ನೂ ದೂರ ಹೋಗುತ್ತದೆ.

4. ಬ್ರಷ್ ಟೂಲಿನ ಡಾಜ್ ಅಂಡ್ ಬರ್ನ್. ಮರದ ಹಿಂದಿನ ಮಂಜನ್ನು ಒಂದು ಚೂರು ಬೆಳಗಿಸಿ, ಫೋಟೋದ ಮೂಲೆಗಳನ್ನು ಒಂದು ಚೂರು ಕಪ್ಪು ಮಾಡಿದೆ. ಮರ ಎದ್ದು ಬಂದದ್ದು ಇಲ್ಲೇ.

ಇದೇನೂ ಮೊಬೈಲ್ ಕಾಲದ ಮೋಸ ಅಲ್ಲ. ಅಮೆರಿಕದ ಬೆಟ್ಟಗುಡ್ಡಗಳ ಫೋಟೋಗಳಿಗೆ ಹೆಸರಾದ ಆನ್ಸೆಲ್ ಆಡಮ್ಸ್ (1902–1984) ಫೋಟೋ ಪ್ರಿಂಟ್ ಮಾಡುವ ಡಾರ್ಕ್‌ರೂಮಿನ ಕತ್ತಲಲ್ಲಿ ಕೈಯನ್ನೋ ರಟ್ಟಿನ ತುಂಡನ್ನೋ ಅಡ್ಡ ಹಿಡಿದು, ಕಾಗದದ ಒಂದೊಂದು ಭಾಗಕ್ಕೆ ಬೇಕಾದಷ್ಟೇ ಬೆಳಕು ಬೀಳಿಸುತ್ತಿದ್ದರು. ಡಾಜ್, ಬರ್ನ್ ಅನ್ನುವ ಹೆಸರುಗಳೂ ಡಾರ್ಕ್‌ರೂಮಿನಿಂದಲೇ ಬಂದವು.

ಉರಿಬಿಸಿಲಿಗೆ ಇನ್‌ಫ್ರಾರೆಡ್ ವೇಷ

ಎಲೆಗಳು ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಜೋರಾಗಿ ವಾಪಸ್ ಎರಚುತ್ತವೆ. ಆ ಬೆಳಕನ್ನು ಹಿಡಿಯುವ ಫಿಲ್ಮಿನಲ್ಲಿ ಮರಗಳು ಹಿಮ ಬಿದ್ದ ಹಾಗೆ ಬೆಳ್ಳಗೆ, ಆಕಾಶ ಕಪ್ಪಗೆ ಬರುತ್ತದೆ. ಇದಕ್ಕೆ ವುಡ್ ಎಫೆಕ್ಟ್ ಅನ್ನುತ್ತಾರೆ. ವುಡ್ ಅಂದರೆ ಇಲ್ಲಿ ಮರ ಅಲ್ಲ, 1910ರಲ್ಲಿ ಇಂಥ ಫೋಟೋಗಳನ್ನು ಹೊರತಂದ ವಿಜ್ಞಾನಿ ರಾಬರ್ಟ್ ವುಡ್ ಹೆಸರು.

ಮಾಮೂಲಿ ಫೋಟೋದಲ್ಲಿ ಆ ಬೆಳಕು ದಾಖಲಾಗಿರುವುದಿಲ್ಲ. ಆದ್ದರಿಂದ ಇದು ಬರೀ ವೇಷ. ಗಿಂಪ್‌ನಲ್ಲಿ ಕಲರ್ಸ್ ಮೆನು, ಕಾಂಪೊನೆಂಟ್ಸ್, ಅಲ್ಲಿ ಮೊನೊ ಮಿಕ್ಸರ್. ಕೆಂಪಿಗೆ 0, ಹಸಿರಿಗೆ 2, ನೀಲಿಗೆ ಮೈನಸ್ 1 ಕೊಡಿ. ಮೂರೂ ಕೂಡಿದರೆ 1 ಬರಬೇಕು, ಆಗ ಬಿಳಿ ಮೋಡ ಬಿಳಿಯಾಗೇ ಉಳಿಯುತ್ತದೆ. ಬಿಸಿಲು ಬಿದ್ದ ಎಲೆ ಬೆಳ್ಳಿಯಾಗುತ್ತದೆ, ನೀಲಿ ಆಕಾಶ ಕಪ್ಪಾಗುತ್ತದೆ. ಆಕಾಶದಲ್ಲಿ ರವೆ ಚೆಲ್ಲಿದ ಹಾಗೆ ನಾಯ್ಸ್ ಎದ್ದು ಕಾಣುತ್ತದೆ. ಅದನ್ನು ಹಾಗೇ ಬಿಡುತ್ತೇನೆ. ಹಳೇ ಇನ್‌ಫ್ರಾರೆಡ್ ಫಿಲ್ಮಿನಲ್ಲೂ ರವೆ ದಪ್ಪವೇ ಇತ್ತು. ಮೋಡ ಕವಿದ ದಿನದ ಫೋಟೋದ ಮೇಲೆ ಇದನ್ನು ಮಾಡಿದರೆ ಏನೂ ದಕ್ಕುವುದಿಲ್ಲ. ಬಿಸಿಲೇ ಬೇಕು.

ಅರಳಿ ಕಟ್ಟೆಗೆ ಕ್ಯಾಮೆರಾ ಹಿಡಿದು ಪ್ರದಕ್ಷಿಣೆ

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ ಇದು. ಕ್ಯಾಟಲನ್ ಛಾಯಾಗ್ರಾಹಕ ಪೆಪ್ ವೆಂಟೋಸಾ ಇದನ್ನು ಜನಪ್ರಿಯ ಮಾಡಿದರು. ಒಂದು ಮರದ ಸುತ್ತ ನಡೆಯುತ್ತಾ ಹೆಜ್ಜೆಹೆಜ್ಜೆಗೂ ಫೋಟೋ ತೆಗೆದು, ಎಲ್ಲವನ್ನೂ ಒಂದರ ಮೇಲೊಂದು ತೆಳ್ಳಗೆ ಹರಡುವುದು. ಕಾಂಡ ಗಟ್ಟಿಯಾಗಿ ನಿಲ್ಲುತ್ತದೆ. ಕೊಂಬೆಗಳು ನಡುಗುತ್ತವೆ. ಹಿಂದಿನ ಮನೆ, ಕಂಬ, ಬಸ್ ಸ್ಟ್ಯಾಂಡ್ ಎಲ್ಲ ಕರಗಿ ಬಣ್ಣದ ಧೂಳಾಗುತ್ತದೆ. ಇದನ್ನು ಮೊದಲು ನೋಡಿದಾಗ ನಗು ಬಂತು. ಮರದ ಸುತ್ತ ಸುತ್ತುವುದನ್ನು ನಮ್ಮ ಊರವರಿಗೆ ಹೇಳಿಕೊಡಬೇಕಾ? ಊರಿಗೊಂದು ಅರಳಿ ಕಟ್ಟೆ ಇದೆ, ಸುತ್ತ ಜಾಗ ಇದೆ, ಬೆಳಗ್ಗೆ ಕ್ಯಾಮೆರಾ ಹಿಡಿದು ಸುತ್ತಿದರೂ ಯಾರೂ ಏನೂ ಅನ್ನುವುದಿಲ್ಲ. ಸುತ್ತುವವರಿಗೆ ಅಡ್ಡ ಬರಬೇಡಿ ಅಷ್ಟೇ.

ತೆಗೆಯುವಾಗ:

ಮೋಡ ಇರುವ ದಿನ ಅಥವಾ ಸೂರ್ಯ ಹುಟ್ಟುವ ಮೊದಲು ಹೋಗಿ. ಬಿಸಿಲಿದ್ದರೆ ಒಂದು ಬದಿಯ ಫೋಟೋಗಳು ಸೂರ್ಯನ ಎದುರು ಬಂದು ಹಾಳಾಗುತ್ತವೆ. ಫೋನಿನಲ್ಲಿ ಗ್ರಿಡ್ ಗೆರೆ ಆನ್ ಮಾಡಿ. ಕಾಂಡದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಎಕ್ಸ್‌ಪೋಷರ್ ಲಾಕ್ ಆಗುತ್ತದೆ, ಇಲ್ಲದಿದ್ದರೆ ಒಂದು ಫೋಟೋ ಬೆಳ್ಳಗೆ, ಇನ್ನೊಂದು ಕಪ್ಪಗೆ ಬರುತ್ತದೆ. ಕಾಂಡ ಯಾವಾಗಲೂ ನಡುಗೆರೆಯ ಮೇಲೇ ಇರಲಿ, ಕಟ್ಟೆಯ ಅಂಚು ಒಂದೇ ಎತ್ತರದಲ್ಲಿ ಕಾಣಲಿ. ದುಂಡಗಿನ ಕಟ್ಟೆಯಾದರೆ ಅದರಿಂದ ಇಷ್ಟು ಹೆಜ್ಜೆ ಅಂತ ಅಳೆದುಕೊಂಡು ಸುತ್ತಿ. ನಾನು 24 ಫೋಟೋ ತೆಗೆದೆ. ಹನ್ನೆರಡೂ ಆದೀತು. 108 ಬೇಡ, ಕಂಪ್ಯೂಟರ್ ಅಳುತ್ತದೆ.

ಗಿಂಪ್‌ನಲ್ಲಿ:

1. ಮೊದಲ ಸಲಕ್ಕೆ ಫೋಟೋಗಳ ಉದ್ದದ ಬದಿಯನ್ನು 2,000 ಪಿಕ್ಸೆಲ್‌ಗೆ ಇಳಿಸಿ. ಕೆಲಸ ಬೇಗ ಸಾಗುತ್ತದೆ.

2. ಫೈಲ್ ಮೆನುವಿನ ಓಪನ್ ಆಸ್ ಲೇಯರ್ಸ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಆರಿಸಿ ತೆರೆಯಿರಿ. ನಂತರ ಇಮೇಜ್ ಮೆನುವಿನಲ್ಲಿ ಪ್ರಿಸಿಷನ್ 16 ಬಿಟ್‌ಗೆ ಬದಲಿಸಿ. 2018ರಲ್ಲಿ ಬಂದ ಗಿಂಪ್ 2.10 ಅಥವಾ ಅದಕ್ಕಿಂತ ಹೊಸದರಲ್ಲಿ ಇದು ಇದೆ. 8 ಬಿಟ್‌ನಲ್ಲೇ ಉಳಿದರೆ ಅಷ್ಟು ತೆಳು ಪದರಗಳ ಲೆಕ್ಕದಲ್ಲಿ ಬಣ್ಣ ಒಡೆಯುತ್ತದೆ.

3. ತಳದ ಲೇಯರ್ ಬಿಟ್ಟು ಉಳಿದದ್ದರ ಕಣ್ಣಿನ ಗುರುತು ಒತ್ತಿ ಮರೆಮಾಡಿ. ಒಂದೊಂದನ್ನೇ ತೋರಿಸಿ, ಒಪಾಸಿಟಿ (ಲೇಯರ್ ಎಷ್ಟು ದಟ್ಟವಾಗಿ ಕಾಣಬೇಕು ಅನ್ನುವುದು) 50ಕ್ಕೆ ಇಳಿಸಿ, ಮೂವ್ ಟೂಲಿನಲ್ಲಿ ಸರಿಸಿ ಕಾಂಡದ ಮೇಲೆ ಕಾಂಡ ಕೂರಿಸಿ. ಬೇಜಾರಿನ ಕೆಲಸ. ರೇಡಿಯೋ ಹಾಕಿಕೊಳ್ಳಿ.

4. ಈಗ ಒಪಾಸಿಟಿ. ತಳದ್ದು 100, ಎರಡನೆಯದು 50, ಮೂರನೆಯದು 33, ನಾಲ್ಕನೆಯದು 25, ಐದನೆಯದು 20. ಹೀಗೇ 100ನ್ನು ಆ ಲೇಯರಿನ ಸಂಖ್ಯೆಯಿಂದ ಭಾಗಿಸುತ್ತಾ ಹೋಗಿ. 24ನೆಯದಕ್ಕೆ ಬರುವಾಗ 4ರ ಹತ್ತಿರ.

ಎಲ್ಲಕ್ಕೂ 50 ಕೊಟ್ಟರೆ ಆಗಲ್ವಾ? ಆಗಲ್ಲ. ಇದು ಅಣ್ಣತಮ್ಮಂದಿರ ಆಸ್ತಿ ಪಾಲಿನ ಲೆಕ್ಕ. ಮೇಲೆ ಬಂದವನು ಅರ್ಧ ಹಿಡಿದುಕೊಂಡರೆ ಕೆಳಗಿನವರಿಗೆಲ್ಲ ಸೇರಿ ಉಳಿಯುವುದು ಇನ್ನರ್ಧ. ಅವನ ಮೇಲೆ ಬಂದವನೂ ಅರ್ಧ ಕೇಳಿದರೆ ತಳದವನ ಕೈಗೆ ಚಿಪ್ಪು. ಮೂರನೆಯವನು ಮೂರರಲ್ಲಿ ಒಂದು ಪಾಲು ತಗೊಂಡರೆ ಉಳಿದ ಇಬ್ಬರಿಗೂ ಒಂದೊಂದು ಪಾಲು ಉಳಿಯುತ್ತದೆ.

5. ಇಷ್ಟಾದ ಮೇಲೆ ಬರುವ ಚಿತ್ರ ಸಪ್ಪೆಯಾಗಿರುತ್ತದೆ, ನೀರು ಜಾಸ್ತಿಯಾದ ಸಾರಿನ ಹಾಗೆ. ಇಲ್ಲೇ ಬೇಸರಪಟ್ಟು ಬಿಡಬೇಡಿ. 24ರಲ್ಲಿ ಚೆಂದ ಬಂದ ಒಂದು ಫೋಟೋ ಆರಿಸಿ, ಅದರ ನಕಲನ್ನು ಎಲ್ಲಕ್ಕಿಂತ ಮೇಲೆ ಇಡಿ. ಮೋಡ್ ಸಾಫ್ಟ್ ಲೈಟ್, ಒಪಾಸಿಟಿ 30ರಿಂದ 40. ಕಾಂಡಕ್ಕೆ ಜೀವ ಬರುತ್ತದೆ. ಆಮೇಲೆ ಕರ್ವ್ಸ್‌ನಲ್ಲಿ ಸ್ವಲ್ಪ ಕಾಂಟ್ರಾಸ್ಟ್.

ನನ್ನ ಚಿತ್ರದಲ್ಲಿ ಕಟ್ಟೆಯ ಮೇಲಿನ ನಾಗರಕಲ್ಲುಗಳು ಒಂದು ಹೊಗೆಯ ಉಂಗುರವಾಗಿ ಕಾಂಡದ ಸುತ್ತ ನಿಂತಿದ್ದವು. ಅದನ್ನು ನಾನು ಯೋಚಿಸಿ ಮಾಡಿದ್ದಲ್ಲ.

ಎಲ್ಲ ಮರಕ್ಕೂ ಇದು ಒಗ್ಗುವುದಿಲ್ಲ. ಕೆಂಗೇರಿ ಹತ್ತಿರದ ರಾಮೋಹಳ್ಳಿಯ ದೊಡ್ಡ ಆಲದ ಮರಕ್ಕೂ ಪ್ರಯತ್ನಿಸಿದೆ. ಸುಮಾರು ಮೂರು ಎಕರೆ ಹರಡಿರುವ ಮರ ಅದು. ಮೂಲ ಕಾಂಡ ರೋಗ ಬಂದು ಯಾವತ್ತೋ ಹೋಗಿದೆ, ಈಗ ಬಿಳಲುಗಳೇ ಕಾಂಡ. ನಡುವೆ ನಿಲ್ಲಿಸಲು ಏನೂ ಇಲ್ಲದೆ ಚಿತ್ರ ಬೇಯಿಸಿದ ಶಾವಿಗೆಯ ಹಾಗೆ ಬಂತು. ನಡುಗಂಬ ಬೇಕೇ ಬೇಕು.

ಇದೇ ಲೆಕ್ಕ ಹೊಳೆ ನೀರಿಗೂ

ಹರಿಯುವ ನೀರು ರೇಷ್ಮೆಯ ಹಾಗೆ ಬರಬೇಕಾದರೆ ಟ್ರೈಪಾಡ್, ಬೆಳಕು ಕಡಿಮೆ ಮಾಡುವ ಎನ್‌ಡಿ ಫಿಲ್ಟರ್ ಬೇಕು ಅನ್ನುತ್ತಾರೆ. ಎರಡೂ ಇಲ್ಲದಿದ್ದರೆ ಫೋನನ್ನು ಒಂದು ಬಂಡೆಗೆ ಆನಿಸಿ, ಅಲುಗಾಡದೆ 16 ಫೋಟೋ ತೆಗೆಯಿರಿ. ಮೇಲಿನ 100, 50, 33 ಲೆಕ್ಕದಲ್ಲೇ ಜೋಡಿಸಿ. ಕಲ್ಲು ಕಲ್ಲಾಗೇ ಉಳಿಯುತ್ತದೆ, ನೀರು ನುಣುಪಾಗುತ್ತದೆ. ಜೊತೆಗೆ ಒಂದು ಲಾಭ: 16 ಫೋಟೋ ಸೇರಿದಾಗ ನಾಯ್ಸ್ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಬಂಡೆ ಜಾರುತ್ತದೆ. ದಡದಲ್ಲೇ ಇರಿ, ಫೋಟೋ ಹೋದರೆ ಹೋಗಲಿ.

ಮಸುಕು, ಎರಡು ಬಗೆ

ಅಡಿಕೆ ತೋಟ ಇದ್ದವರು ಅದೃಷ್ಟವಂತರು. ನೆಟ್ಟಗೆ ನಿಂತ ಕಾಂಡಗಳ ಸಾಲು ಇದ್ದರೆ, ಗಿಂಪ್‌ನಲ್ಲಿ ಫೋಟೋದ ಲೇಯರನ್ನು ನಕಲು ಮಾಡಿ, ಬ್ಲರ್ ಫಿಲ್ಟರ್‌ಗಳಲ್ಲಿ ಲೀನಿಯರ್ ಮೋಶನ್ ಬ್ಲರ್ ಆರಿಸಿ, ಕೋನ 90 ಡಿಗ್ರಿ ಕೊಡಿ. ಕಡ್ಡಿ, ಕಸ, ಡ್ರಿಪ್ ಪೈಪ್ ಎಲ್ಲ ಮಾಯ. ಹಸಿರು, ಬೂದು, ಕಂದು ಗೆರೆಗಳು ಮಾತ್ರ. ಕ್ಯಾಮೆರಾದಲ್ಲೇ ಮಾಡಬೇಕೆಂದರೆ ಶಟರ್ 1/8 ಸೆಕೆಂಡಿನಿಂದ ಅರ್ಧ ಸೆಕೆಂಡಿನ ನಡುವೆ ಇಟ್ಟು, ಒತ್ತುವಾಗ ಕ್ಯಾಮೆರಾವನ್ನು ಮೇಲಿಂದ ಕೆಳಕ್ಕೆ ಎಳೆಯಿರಿ. ಹತ್ತರಲ್ಲಿ ಒಂದು ಸರಿ ಬರುತ್ತದೆ, ಆ ಒಂದು ಮಾತ್ರ ಗಿಂಪ್‌ನದಕ್ಕಿಂತ ಚೆನ್ನ.

ಇನ್ನೊಂದು ಆರ್ಟನ್ ಎಫೆಕ್ಟ್. 1980ರ ದಶಕದಲ್ಲಿ ಕೆನಡಾದ ಮೈಕೆಲ್ ಆರ್ಟನ್ ಸ್ಪಷ್ಟವಾದ ಒಂದು ಸ್ಲೈಡ್, ಮಸುಕಾದ ಒಂದು ಸ್ಲೈಡ್ ಎರಡನ್ನೂ ಜೋಡಿಸಿ ಕನಸಿನ ಥರದ ಹೊಳಪು ತರುತ್ತಿದ್ದರು. ಲೇಯರ್ ನಕಲು ಮಾಡಿ, ಗಾಸಿಯನ್ ಬ್ಲರ್ ಕೊಟ್ಟು, ಮೋಡ್ ಸಾಫ್ಟ್ ಲೈಟ್, ಒಪಾಸಿಟಿ 20ರ ಆಸುಪಾಸು. ಅದಕ್ಕಿಂತ ಮೇಲೆ ಹೋದರೆ ಬಿಸಿ ಕಾಫಿ ಕುಡಿಯುವಾಗ ಕನ್ನಡಕಕ್ಕೆ ಹಬೆ ಹಿಡಿದ ಹಾಗಿರುತ್ತದೆ. ನಿಜ ಹೇಳಬೇಕೆಂದರೆ ನನಗೆ ಇದು ಈಗ ಸಾಕಾಗಿದೆ, ಎಲ್ಲರ ಫೋಟೋದಲ್ಲೂ ಇದೇ.

ಎಲ್ಲಿ ಹೇಳಬೇಕು, ಎಲ್ಲಿ ಮುಟ್ಟಬಾರದು

ಕಲೆಯ ಚಿತ್ರ ಅಂತ ಹಾಕುವಾಗ ಏನು ಬೇಕಾದರೂ ಮಾಡಿ. ಆದರೆ ಕೆಳಗೆ ಒಂದು ಸಾಲು ಬರೆಯಿರಿ: 24 ಫೋಟೋ ಸೇರಿಸಿದ್ದು, ಬಣ್ಣ ಬದಲಿಸಿದ್ದು, ಹೀಗೆ. ಹಕ್ಕಿ, ಚಿಟ್ಟೆ, ಅಣಬೆಗಳ ಬಣ್ಣವನ್ನಂತೂ ಬದಲಿಸಿ ಸುಮ್ಮನೆ ಹಾಕಬೇಡಿ. ಯಾರೋ ಅದನ್ನು ನೋಡಿ ಜಾತಿ ಗುರುತಿಸಲು ಹೋಗುತ್ತಾರೆ.

ಸ್ಪರ್ಧೆಗಳ ನೇಚರ್ ವಿಭಾಗಕ್ಕೆ ಈ ಪ್ರಯೋಗಗಳಲ್ಲಿ ಬಹುಪಾಲು ನಡೆಯುವುದಿಲ್ಲ. ಎಫ್ಐಎಪಿ, ಪಿಎಸ್ಎ, ಆರ್‌ಪಿಎಸ್ ಛಾಯಾಗ್ರಹಣದ ಈ ಮೂರು ದೊಡ್ಡ ಸಂಸ್ಥೆಗಳು ನೇಚರ್ ಫೋಟೋಗೆ ಒಂದೇ ವ್ಯಾಖ್ಯೆ ಇಟ್ಟುಕೊಂಡಿವೆ. ಅದರ ಪ್ರಕಾರ ಚಿತ್ರಕ್ಕೆ ಏನನ್ನೂ ಸೇರಿಸುವ, ಸರಿಸುವ, ಅಳಿಸುವ ಹಾಗಿಲ್ಲ. ಕ್ರಾಪ್ ಮಾಡಬಹುದು. ಡಾಜ್, ಬರ್ನ್, ಫೋಕಸ್ ಸ್ಟ್ಯಾಕಿಂಗ್ (ಬೇರೆ ಬೇರೆ ದೂರಕ್ಕೆ ಫೋಕಸ್ ಮಾಡಿದ ಫೋಟೋಗಳನ್ನು ಜೋಡಿಸುವುದು), ಕಪ್ಪು-ಬಿಳುಪು ಸರಿ. ಇನ್‌ಫ್ರಾರೆಡ್ ಆಗಲಿ, ಅದರ ವೇಷವಾಗಲಿ ಬೇಡ. ಅಂದರೆ ನನ್ನ ಅರಳಿ ಕಟ್ಟೆ ಫೇಲು. ವಿದ್ಯುತ್ ತಂತಿ ಅಳಿಸಿದರೂ ಫೇಲೇ. ಕಳಿಸುವ ಮೊದಲು ಆಯಾ ಸ್ಪರ್ಧೆಯ ನಿಯಮ ಓದಿ.

ಕಳಿಸುವುದು, ಪ್ರಿಂಟ್ ಹಾಕಿಸುವುದು

ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸುತ್ತದೆ. ಮಂಜಿನ ಫೋಟೋದಲ್ಲಿ ಚೌಕ ಚೌಕ ಎದ್ದು ಕಾಣುವುದು ಅದಕ್ಕೇ.

ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ ಇಟ್ಟುಕೊಳ್ಳಿ. 8×12 ಇಂಚಿಗೆ 2,400×3,600 ಬೇಕು. ಮೇಲೆ ಹೇಳಿದ 2,000 ಪಿಕ್ಸೆಲ್ಲಿನ ಅರಳಿ ಮರ ಏಳು ಇಂಚೂ ದಾಟುವುದಿಲ್ಲ. ಸಣ್ಣದರಲ್ಲಿ ಆಡಿ ನೋಡಿ, ಇಷ್ಟವಾದದ್ದನ್ನು ಪೂರ್ಣ ಗಾತ್ರದಲ್ಲಿ ಮತ್ತೊಮ್ಮೆ ಮಾಡಬೇಕು. ಬೇರೆ ದಾರಿ ಇಲ್ಲ.

ನನ್ನ ಮಂಜಿನ ಮರದ ಮೊದಲ ಪ್ರಿಂಟ್ ಮಸಿ ಚೆಲ್ಲಿದ ಹಾಗೆ ಬಂತು. ತಪ್ಪು ನನ್ನದೇ. ರಾತ್ರಿ ದೀಪ ಆರಿಸಿ, ಫೋನಿನ ಬ್ರೈಟ್‌ನೆಸ್ ಪೂರ್ತಿ ಇಟ್ಟು ಎಡಿಟ್ ಮಾಡಿದ್ದೆ. ಫೋನಿನ ಪರದೆಗೆ ತನ್ನದೇ ಬೆಳಕಿದೆ, ಕಾಗದಕ್ಕೆ ಇಲ್ಲ. ಈಗ ಹಗಲು ಹೊತ್ತು, ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ ಕೂರುತ್ತೇನೆ. ಒಂದೇ ಚಿತ್ರವನ್ನು ಮೂರು ಬೆಳಕಿನಲ್ಲಿ ಸೇವ್ ಮಾಡಿ ಮೊದಲು 4×6 ಪ್ರಿಂಟ್ ಹಾಕಿಸುತ್ತೇನೆ. ಆ ಮೂರನ್ನೂ ಊಟದ ಮೇಜಿನ ಮೇಲೆ ಹರಡಿಟ್ಟಿದ್ದೆ. ಅಮ್ಮ ಒಂದನ್ನು ಎತ್ತಿ ಕಿಟಕಿಯ ಹತ್ತಿರ ಹಿಡಿದು ನೋಡಿ, "ಇದರಲ್ಲಿ ಒಂದು ಮರ ಇದೆಯಲ್ಲೋ" ಅಂದರು. ಅದನ್ನೇ 8×12ಕ್ಕೆ ಕೊಟ್ಟೆ.